ಕಾಫಿ ಕಣದಲ್ಲಿ ನಕ್ಷತ್ರ ವೀಕ್ಷಣೆ: 800 ರೂಪಾಯಿಗೆ ಸಿಕ್ಕಿದ್ದು, ಸಿಗದೇ ಹೋದದ್ದು

ಚಿಕ್ಕಮಗಳೂರಿನಿಂದ ಮಲ್ಲಂದೂರಿನ ಕಡೆಗೆ ಹೋಗುವ ರಸ್ತೆಯ ಒಂದು ಹೋಂಸ್ಟೇಯಲ್ಲಿ ಡಿಸೆಂಬರ್ ಕೊನೆಯ ವಾರ ನಾನೂ ನನ್ನ ತಾಯಿಯೂ ಎರಡು ರಾತ್ರಿ ಉಳಿದಿದ್ದೆವು. ಅಲ್ಲಿ ಊಟ, ವಸತಿಯ ಬಾಡಿಗೆಯಲ್ಲದೆ ತಲೆಗೆ 800 ರೂಪಾಯಿ ಕೊಟ್ಟರೆ ರಾತ್ರಿ ಎಂಟರಿಂದ ಹತ್ತರವರೆಗೆ ನಕ್ಷತ್ರ ವೀಕ್ಷಣೆ ಮಾಡಿಸುತ್ತಾರೆ. ನಾನು ಬರೆಯುತ್ತಿರುವುದು ಆ ಎರಡು ಗಂಟೆಗಳ ಬಗ್ಗೆ ಮಾತ್ರ. ಕೋಣೆಯ ಬಗ್ಗೆಯಾಗಲಿ ಅಕ್ಕಿ ರೊಟ್ಟಿಯ ಬಗ್ಗೆಯಾಗಲಿ ತಕರಾರಿಲ್ಲ. ಆಕ್ಷೇಪಿಸಬೇಕಾದ ಸಂಗತಿಗಳೂ ಇರುವುದರಿಂದ ಹೋಂಸ್ಟೇಯ ಹೆಸರು ಬರೆಯುತ್ತಿಲ್ಲ.

ಜಾಗದ ಆಯ್ಕೆ ಚೆನ್ನಾಗಿತ್ತು. ತೋಟದೊಳಗೆ ಎಲ್ಲಿ ನಿಂತರೂ ಸಿಲ್ವರ್ ಓಕ್ ಮರಗಳು ಆಕಾಶವನ್ನು ಮುಚ್ಚುತ್ತವೆ. ತಲೆಯ ಮೇಲೆ ಬಯಲು ಸಿಗುವುದು ಕಾಫಿ ಒಣಗಿಸುವ ಕಣದಲ್ಲಿ ಮಾತ್ರ. ಕೊಯ್ಲಿನ ಕಾಲವಾದ್ದರಿಂದ ಕಣದ ಅರ್ಧ ಭಾಗದಲ್ಲಿ ಹಣ್ಣಿನ ರಾಶಿಗಳಿಗೆ ಇಬ್ಬನಿ ತಾಗದಂತೆ ಟಾರ್ಪಾಲು ಹೊದಿಸಿದ್ದರು. ಉಳಿದರ್ಧದಲ್ಲಿ ಚಾಪೆ ಹಾಸಿ, ಕಂಬಳಿ ಕೊಟ್ಟು, ಒಂಬತ್ತು ಜನರನ್ನು ಕೂರಿಸಿದರು. ಅಮಾವಾಸ್ಯೆಯ ಮರುದಿನವಾದ್ದರಿಂದ ಚಂದ್ರನ ಕಾಟವಿರಲಿಲ್ಲ. ಕಾಟವಿದ್ದದ್ದು ಹೋಂಸ್ಟೇಯ ಜಗಲಿಗೆ ಇಳಿಬಿಟ್ಟಿದ್ದ ಬಣ್ಣದ ಸೀರಿಯಲ್ ಸೆಟ್‌ನಿಂದ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಒಂದು ಸಲ ಬೆಳಕು ಬಿದ್ದರೆ ಮತ್ತೆ ಮೊದಲಿಂದ ಶುರುವಾಗಬೇಕು ಎಂದು ತೋರಿಸುವವನೇ ವಿವರಿಸಿದ. ಆದರೆ ಆ ದೀಪಗಳನ್ನು ಆರಿಸಿದ್ದು ಎಂಟೂಮುಕ್ಕಾಲಿಗೆ, ಅದೂ ನಾವು ಮೂರು ಸಲ ಕೇಳಿದ ಮೇಲೆ.

ತೋರಿಸಿದವನು ಹಾಸನದಲ್ಲಿ ಭೌತಶಾಸ್ತ್ರ ಓದುತ್ತಿರುವ ಹುಡುಗ. ಕೊಟ್ಟ ಹಣಕ್ಕೆ ನಿಜವಾದ ಮೌಲ್ಯ ಬಂದದ್ದು ಅವನಿಂದ. ಟೆಲಿಸ್ಕೋಪನ್ನು ಮುಟ್ಟದೆ, ಪೂರ್ವದಲ್ಲಿ ಹೆಚ್ಚುಕಡಿಮೆ ನೆಟ್ಟಗೆ ನಿಂತಿದ್ದ ಒಂದೇ ಸಾಲಿನ ಮೂರು ನಕ್ಷತ್ರಗಳಿಂದ ಅವನು ಆರಂಭಿಸಿದ. ಅದು ಮೃಗಶಿರದ, ಅಂದರೆ ಓರಿಯನ್ ನಕ್ಷತ್ರಪುಂಜದ, ಜಿಂಕೆಗೆ ನಾಟಿದ ಬಾಣ. ಬಾಣ ಬಂದ ದಾರಿಯಲ್ಲೇ ಕೆಳಕ್ಕೆ ಹಿಂದಿರುಗಿದರೆ ಬೇಡ ಸಿಗುತ್ತಾನೆ ಎಂದ. ಹಾಗೆಯೇ ಕಣ್ಣು ಇಳಿಸಿದಾಗ ಮರಗಳ ತುದಿಯ ಮೇಲೆ ಲುಬ್ಧಕ ಹೊಳೆಯುತ್ತಿತ್ತು. ರಾತ್ರಿಯ ನಕ್ಷತ್ರಗಳಲ್ಲೆಲ್ಲ ಅತ್ಯಂತ ಪ್ರಕಾಶಮಾನವಾದ ಅದು ನಮ್ಮಿಂದ ಕೇವಲ 8.6 ಜ್ಯೋತಿರ್ವರ್ಷ ದೂರದಲ್ಲಿದೆ. ಅದೇ ಗೆರೆಯನ್ನು ಮೇಲಕ್ಕೆ ಹಿಡಿದು ಹೋದರೆ ಕೆಂಪಗಿನ ರೋಹಿಣಿ, ಅದರಾಚೆ ಕೃತ್ತಿಕೆಯ ಗೊಂಚಲು. ಬಾಣದ ಒಂದು ಪಕ್ಕಕ್ಕೆ ಕೆಂಪು ಆರ್ದ್ರಾ, ಇನ್ನೊಂದು ಪಕ್ಕಕ್ಕೆ ನೀಲಿ ಬಿಳುಪಿನ ರೈಜೆಲ್. ಇವೆರಡರ ಬಣ್ಣವನ್ನು ಹೋಲಿಸಿ ನೋಡುವಂತೆ ಹೇಳಿ, ಕೆಂಪಗಿರುವುದೇ ತಣ್ಣಗಿನದು, ನೀಲಿಯದೇ ಹೆಚ್ಚು ಬಿಸಿ ಎಂದಾಗ ಗುಂಪಿನಲ್ಲಿದ್ದ ಮಕ್ಕಳು ನಂಬಲಿಲ್ಲ.

ನನ್ನ ತಾಯಿಗೆ ಬೇರೆಯೇ ಅನುಮಾನ. "ಆರಿದ್ರಾ ಅಂದ್ರೆ ಮಳೆ ಅಲ್ವೇನಪ್ಪಾ?" ಎಂದರು. ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ ಎಂದು ಕೇಳುತ್ತ ಬೆಳೆದವರು ಅವರು. "ಮಳೇನೂ ಅದೇ, ನಕ್ಷತ್ರಾನೂ ಅದೇ ಅಮ್ಮಾ" ಎಂದ ಹುಡುಗ, ಒದ್ದೆ ಸಿಮೆಂಟಿನ ಮೇಲೆ ಬೆರಳಿನಿಂದ ಒಂದು ವೃತ್ತ ಎಳೆದು ತೋರಿಸಿದ. ಸೂರ್ಯ ಯಾವ ನಕ್ಷತ್ರದ ನೆರೆಯಲ್ಲಿರುತ್ತಾನೋ ಆ ದಿನಗಳ ಮಳೆಗೆ ಅದೇ ಹೆಸರು. ಜೂನ್ 22ರ ಸುಮಾರಿಗೆ ಸೂರ್ಯ ಆರ್ದ್ರೆಯನ್ನು ಸೇರುತ್ತಾನೆ. ಆಗ ಹಗಲಿನ ಬೆಳಕಿನಲ್ಲಿ ಆ ನಕ್ಷತ್ರ ಕಾಣುವುದೇ ಇಲ್ಲ. ಆರು ತಿಂಗಳು ಕಳೆದು ಭೂಮಿ ಅರ್ಧ ಸುತ್ತು ಮುಗಿಸಿದಾಗ ಅದೇ ನಕ್ಷತ್ರ ಸಂಜೆ ಪೂರ್ವದಲ್ಲಿ ಹುಟ್ಟಿ ಇರುಳಿಡೀ ಇರುತ್ತದೆ. ರೋಹಿಣಿ, ಮೃಗಶಿರ, ಆರ್ದ್ರಾ, ಪುನರ್ವಸು ಎಂದು ಮುಂಗಾರಿನಲ್ಲಿ ನಾವು ಎಣಿಸುವ ಮಳೆಗಳೆಲ್ಲ ಚಳಿಗಾಲದ ರಾತ್ರಿ ಅದೇ ಕ್ರಮದಲ್ಲಿ ಒಂದರ ಹಿಂದೊಂದು ಮೇಲೇರುತ್ತವೆ. ಅರವತ್ತೆಂಟು ವರ್ಷ ಮಳೆಯೆಂದೇ ತಿಳಿದಿದ್ದ ಹೆಸರುಗಳನ್ನು ತಾಯಿ ಅಂದು ಬೆರಳಿಟ್ಟು ಎಣಿಸಿದರು. ಹತ್ತರ ಹೊತ್ತಿಗೆ ಲುಬ್ಧಕ, ರೈಜೆಲ್, ರೋಹಿಣಿ, ಬ್ರಹ್ಮಹೃದಯ, ಪುನರ್ವಸುವಿನ ಒಂದು ನಕ್ಷತ್ರ, ಲಘುಶ್ವಾನದ ಪ್ರೋಸಿಯನ್ ಸೇರಿ ಆಗುವ ದೊಡ್ಡ ಷಟ್ಕೋನವನ್ನು ಯಾರ ನೆರವೂ ಇಲ್ಲದೆ ಗುರುತಿಸುವಷ್ಟಾಗಿದ್ದರು.

ಟೆಲಿಸ್ಕೋಪಿನ ಭಾಗ ನಿರಾಸೆಯದು. ಹೋಂಸ್ಟೇಯ ಜಾಹೀರಾತಿನಲ್ಲಿ ಗುಲಾಬಿ, ನೇರಳೆ ಬಣ್ಣದ ನೀಹಾರಿಕೆಯ ಚಿತ್ರವಿದೆ. 70 ಮಿಲಿಮೀಟರ್ ಮಸೂರದ ಸಣ್ಣ ಟೆಲಿಸ್ಕೋಪಿನಲ್ಲಿ ಮೃಗಶಿರದ ನೀಹಾರಿಕೆ ಕಾಣುವುದು ಬೂದಿ ಬಣ್ಣದ ಮಬ್ಬು ಮಚ್ಚೆಯಾಗಿ. ಆ ಬಣ್ಣಗಳು ಹೊತ್ತುಗಟ್ಟಲೆ ಬೆಳಕು ಸಂಗ್ರಹಿಸುವ ಕ್ಯಾಮೆರಾದವು. ಇದನ್ನು ಮೊದಲೇ ಹೇಳಿದ್ದರೆ ಆ ಮಬ್ಬಿಗೂ ಬೆರಗಾಗುತ್ತಿದ್ದೆವು, ಏಕೆಂದರೆ ಅದು 1,300ಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ತಾಣ. ಸಾಲದ್ದಕ್ಕೆ ಒಂಬತ್ತೂವರೆಗೆ ಮಸೂರದ ಮೇಲೆ ಇಬ್ಬನಿ ಕೂತಿತು. ಮಾಲೀಕರು ಬಂದು ಹೆಗಲ ಮೇಲಿನ ಟವೆಲಿನಿಂದಲೇ ಅದನ್ನು ತಿಕ್ಕಿ ಒರೆಸಿದರು. ಮಸೂರದ ಲೇಪನಕ್ಕೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕಿಲ್ಲ. ಹುಡುಗ ಮುಖ ತಿರುಗಿಸಿ ನಿಂತ. ಕಾಫಿ ರಾಶಿಗೆ ಟಾರ್ಪಾಲು ಹೊದಿಸುವವರು ಮಸೂರದ ಮುಂದೆ ಒಂದು ಕಾಗದದ ಕೊಳವೆಯನ್ನಾದರೂ ಸಿಕ್ಕಿಸಬಹುದಿತ್ತು.

ಇನ್ನೊಂದು ಕೊರತೆ ಸಮಯದ್ದು. ಹೊಳಪಿನಲ್ಲಿ ಎರಡನೆಯ ಸ್ಥಾನದ ಅಗಸ್ತ್ಯ ನಕ್ಷತ್ರ ಹತ್ತು ಗಂಟೆಗೆ ಇನ್ನೂ ಆಗ್ನೇಯದ ಮರಗಳ ಹಿಂದೆಯೇ ಇತ್ತು. ಹೆಸರು ಹೇಳಿ, ತೋರಿಸದೆಯೇ ಚಾಪೆ ಮಡಚಿದರು. ನಾನು ಹನ್ನೆರಡೂವರೆಗೆ ಮತ್ತೆ ಕಣಕ್ಕೆ ಬಂದೆ. ಚಾಚಿದ ಕೈಯ ಮುಷ್ಟಿ ಸುಮಾರು ಹತ್ತು ಡಿಗ್ರಿ ಎಂದು ಹುಡುಗ ಕಲಿಸಿದ್ದ. ದಕ್ಷಿಣದಲ್ಲಿ ಗುಡ್ಡದ ನೆತ್ತಿಯೂ ತೋಟದ ಮರಗಳೂ ಕೆಳಗೆ ಉಳಿದು, ದಿಗಂತದಿಂದ ಎರಡೂವರೆ ಮುಷ್ಟಿ ಎತ್ತರದಲ್ಲಿ ಅಗಸ್ತ್ಯ ನಿಶ್ಚಲವಾಗಿ ಬೆಳಗುತ್ತಿತ್ತು. ದೆಹಲಿಯವರಿಗೆ ಅದು ಒಂದು ಮುಷ್ಟಿಯಷ್ಟೂ ಏರುವುದಿಲ್ಲ.

ಹೋಗುವವರು ಫೆಬ್ರವರಿ ಮಧ್ಯದ ಆಸುಪಾಸಿನ ಅಮಾವಾಸ್ಯೆಯನ್ನು ನೋಡಿಕೊಂಡು ಹೋಗಲಿ. ಆಗ ಅಗಸ್ತ್ಯ ರಾತ್ರಿ ಒಂಬತ್ತರ ಸುಮಾರಿಗೇ ಅದೇ ಎತ್ತರದಲ್ಲಿರುತ್ತದೆ. ನಾವೂ ಆ ತಿಂಗಳಿಗೆ ಮತ್ತೆ ಕಾಯ್ದಿರಿಸಿದ್ದೇವೆ. ಅದೇ ಹುಡುಗ ಇರಬೇಕು, ಸೀರಿಯಲ್ ಸೆಟ್ ಇರಬಾರದು ಎಂದು ಮಾಲೀಕರಿಗೆ ಹೇಳಿದೆ. ಮೊದಲನೆಯದಕ್ಕೆ ಒಪ್ಪಿದರು, ಎರಡನೆಯದಕ್ಕೆ, ಉಳಿದ ಗೆಸ್ಟ್‌ಗಳನ್ನು ಕೇಳಿ ಹೇಳುತ್ತೇನೆ ಸರ್ ಎಂದಿದ್ದಾರೆ.