ಕೆಳಗೆ ಕೇಬಲ್, ಮೇಲೆ ಡಿಶ್: ಒಂದೇ ಮನೆಯಲ್ಲಿ ಆರು ವರ್ಷ

ಬೆಂಗಳೂರು ಶ್ರೀನಗರದ ನಮ್ಮ ಮನೆಯಲ್ಲಿ ಕೆಳಗೆ ಅಮ್ಮನ ಟಿವಿಗೆ ಕೇಬಲ್, ಮಹಡಿಯಲ್ಲಿ ನಮ್ಮ ಟಿವಿಗೆ ಡಿಶ್. ಕೇಬಲ್ ಬಿಡಲು ಅಮ್ಮ ಒಪ್ಪಲಿಲ್ಲ, ನನಗೆ ಕ್ರಿಕೆಟ್ ಎಚ್‌ಡಿಯಲ್ಲೇ ಬೇಕಿತ್ತು. ಹೀಗಾಗಿ ಆರು ವರ್ಷದಿಂದ ಎರಡನ್ನೂ ದಿನಾ ನೋಡುತ್ತಿದ್ದೇನೆ.

ಡಿಶ್‌ನ ಚಿತ್ರವೇ ಸ್ಪಷ್ಟ ಎಂದು ನಾನೂ ಬಹಳ ದಿನ ನಂಬಿದ್ದೆ. ಆಮೇಲೆ ಗೊತ್ತಾಯಿತು, ಅಮ್ಮನದು ಎಚ್‌ಡಿಗಿಂತ ಕಡಿಮೆ ಸ್ಪಷ್ಟತೆಯ ಹಳೇ ಎಸ್‌ಡಿ ಬಾಕ್ಸ್, ಅದೂ ಕೆಂಪು-ಹಳದಿ-ಬಿಳಿ ಪಿನ್‌ಗಳ ವೈರಿನಲ್ಲಿ ಓಡುತ್ತಿತ್ತು. ಕೇಬಲ್‌ನವರಿಗೆ ಹೇಳಿ ಎಚ್‌ಡಿ ಬಾಕ್ಸ್ ಹಾಕಿಸಿದೆ. ಬಾಕ್ಸ್ ಹಾಕಲು ಬಂದ ಹುಡುಗ ಅವತ್ತೊಂದು ದಿನದ ಮಟ್ಟಿಗೆ ಮಹಡಿಯ ಟಿವಿಗೇ ಅದನ್ನು ಎಚ್‌ಡಿಎಂಐ ವೈರಿನಲ್ಲಿ ಜೋಡಿಸಿಕೊಟ್ಟ. ಎರಡೂ ಬಾಕ್ಸ್‌ನಲ್ಲಿ ಜೀ ಕನ್ನಡ ಎಚ್‌ಡಿ ಹಾಕಿ, ರಿಮೋಟಿನಲ್ಲಿ ಅದಲುಬದಲು ಮಾಡುತ್ತಾ ಕೂತೆ. ಧಾರಾವಾಹಿಯ ಸೀರೆಯ ಜರಿ ಅಂಚು, ಕೆಳಗೆ ಓಡುವ ಅಕ್ಷರ, ಎರಡರಲ್ಲೂ ಒಂದೇ ಥರ. ನನ್ನ ಕಣ್ಣಿಗಂತೂ ವ್ಯತ್ಯಾಸ ಸಿಗಲಿಲ್ಲ. ಬೆಂಗಳೂರಿಗೆ ಡಿಜಿಟಲ್ ಕೇಬಲ್ ಕಡ್ಡಾಯವಾಗಿದ್ದು 2013ರಲ್ಲಿ. ಅದಕ್ಕೂ ಮುಂಚಿನ ಚುಕ್ಕಿ ಚುಕ್ಕಿ ಚಿತ್ರ ಇನ್ನೂ ಹಲವರ ಮನಸ್ಸಿನಲ್ಲಿದೆ. ಅಸಲಿಗೆ ಕೇಬಲ್‌ನವರ ಕಂಟ್ರೋಲ್ ರೂಮಿಗೂ ಹೆಚ್ಚಿನ ಚಾನೆಲ್ ಬರುವುದು ಉಪಗ್ರಹದಿಂದಲೇ. ಅಲ್ಲಿಂದ ಫೈಬರ್‌ನಲ್ಲಿ ನಮ್ಮ ಬೀದಿಗೆ ಬರುತ್ತದೆ.

ವ್ಯತ್ಯಾಸ ಕಾಣುವುದು ಮಳೆಯಲ್ಲಿ. ಮೇ ತಿಂಗಳ ಒಂದು ಸಂಜೆ, ಐಪಿಎಲ್ ಪಂದ್ಯದ ಕೊನೆಯ ಎರಡು ಓವರ್, ಗುಡುಗಿನ ಜೊತೆ ಧೋ ಎಂದು ಸುರಿಯಿತು. ಚಿತ್ರ ಚೌಕ ಚೌಕವಾಗಿ ಒಡೆದು, ‘ಸಿಗ್ನಲ್ ಇಲ್ಲ’ ಎಂದು ಬಂತು. ಕೆಳಗೆ ಓಡಿದೆ, ಅಮ್ಮನ ಟಿವಿ ಏನೂ ಆಗದಂತೆ ಓಡುತ್ತಿತ್ತು. ಮನೆಯ ಡಿಶ್ ಹಿಡಿಯುವುದು ಕೆಯು ಬ್ಯಾಂಡ್ ಎಂಬ ಗಿಡ್ಡ ರೇಡಿಯೊ ಅಲೆಗಳನ್ನು. ದಪ್ಪ ಮಳೆ ಅವನ್ನು ಹೀರಿಬಿಡುತ್ತದೆ. ಕಂಟ್ರೋಲ್ ರೂಮಿನ ದೊಡ್ಡ ಡಿಶ್‌ಗಳು ಸಾಮಾನ್ಯವಾಗಿ ಸಿ ಬ್ಯಾಂಡಿನವು, ಆ ಅಲೆಗಳು ಉದ್ದ, ಮಳೆಗೆ ಅಷ್ಟು ಜಗ್ಗುವುದಿಲ್ಲ.

ಆದರೆ ಬೀದಿಗೇ ಕರೆಂಟ್ ಹೋದರೆ ಕಥೆ ತಿರುಗುತ್ತದೆ. ಯುಪಿಎಸ್ ಇರುವುದರಿಂದ ಮೇಲಿನ ಟಿವಿ ಓಡುತ್ತಲೇ ಇರುತ್ತದೆ. ಕೆಳಗಿನ ಟಿವಿಗೂ ಯುಪಿಎಸ್ ಇದೆ, ಆದರೆ ಸಿಗ್ನಲ್‌ಗೆ ಬಲ ಕೊಡಲು ಬೀದಿಯಲ್ಲಿರುವ ಕೇಬಲ್ ಆಂಪ್ಲಿಫೈಯರ್‌ಗೆ ಕರೆಂಟ್ ಇರುವುದಿಲ್ಲ. ರಸ್ತೆ ಅಗೆದಾಗಲೂ, ಮರದ ಕೊಂಬೆ ಬಿದ್ದಾಗಲೂ ಪೆಟ್ಟು ತಿನ್ನುವುದು ಕೇಬಲ್ಲೇ.

ಹೋದ ವರ್ಷ ಬಿಸಿಲಲ್ಲೂ ಡಿಶ್ ತೊಂದರೆ ಕೊಟ್ಟಿತು. ಗಾಳಿ ಬೀಸಿದಾಗಲೆಲ್ಲ ಚಿತ್ರ ನಿಂತುಬಿಡುವುದು. ಮೂರು ಸಲ ಫೋನ್ ಮಾಡಿದ ಮೇಲೆ ಕಂಪನಿಯವರು ಬಂದು, ಭೇಟಿ ಶುಲ್ಕ 250 ರೂಪಾಯಿ ತೆಗೆದುಕೊಂಡು, ಬಾಕ್ಸ್ ಹಾಳಾಗಿದೆ ಎಂದು ಹೇಳಿ ಹೋದರು. ಮಾರನೇ ದಿನ ತಾರಸಿ ಹತ್ತಿ ನೋಡಿದೆ. ಪಕ್ಕದ ಮನೆಯ ತೆಂಗಿನ ಗರಿಯೊಂದು ಇಳಿಬಿದ್ದು, ಡಿಶ್‌ನ ಮುಂದೆಯೇ ತೂಗಾಡುತ್ತಿತ್ತು. ಪಕ್ಕದ ಮನೆ ಅಂಕಲ್‌ಗೆ ಹೇಳಿ ಗರಿ ಕಡಿಸಿದೆ, ಬಾಕ್ಸ್ ಇವತ್ತಿಗೂ ಅದೇ. ಆ 250 ರೂಪಾಯಿಗಿಂತ ಸುಳ್ಳು ಕಾರಣ ಹೇಳಿದ್ದು ನನಗೆ ಹೆಚ್ಚು ಬೇಸರ ತಂದಿತು.

ಬೆಲೆಯ ಮಾತು. 2019ರಲ್ಲಿ ಟಿವಿ, ಫೋನ್ ಸೇವೆಗಳ ಸರ್ಕಾರಿ ನಿಯಂತ್ರಕ ಟ್ರಾಯ್‌ನ ನಿಯಮ ಬಂದಾಗ ಕೇಬಲ್ಲಿಗೂ ಡಿಶ್ಶಿಗೂ ಮೂಲ ಶುಲ್ಕದ ಮಿತಿ ಒಂದೇ ಇತ್ತು: 130 ರೂಪಾಯಿ, ಜಿಎಸ್‌ಟಿ ಸೇರಿ 153.40. ಅದರ ಮೇಲೆ ಬೇಕಾದ ಚಾನೆಲ್ಲಿನ ದರ. 2024ರಲ್ಲಿ ಆ ಮಿತಿಯನ್ನು ತೆಗೆದರು. ಈಗ ಅಮ್ಮ ಕೊಡುವುದು ತಿಂಗಳಿಗೆ 320, ನನ್ನ ರೀಚಾರ್ಜ್ 410. ಕನ್ನಡ ಚಾನೆಲ್ ಎರಡರಲ್ಲೂ ಅವೇ, ಕ್ರೀಡೆಯವೂ ಅವೇ. ರೀಚಾರ್ಜ್ ಒಂದು ದಿನ ತಪ್ಪಿದರೂ ಡಿಶ್ ನಿಲ್ಲುತ್ತದೆ. ಕೇಬಲ್ ಹುಡುಗ, ‘ಪರವಾಗಿಲ್ಲಮ್ಮ, ನಾಳೆ ಕೊಡಿ’ ಎಂದು ತಾನೇ ಹಾಕಿಬಿಡುತ್ತಾನೆ. ಕೆಟ್ಟರೆ ಸಂಜೆಯೊಳಗೆ ಏಣಿ ಹಿಡಿದು ಬರುವವನೂ ಅವನೇ.

ನನ್ನ ಈಗಿನ ರೀಚಾರ್ಜ್ ದೀಪಾವಳಿಗೆ ಮುಗಿಯುತ್ತದೆ. ಮೇಲಕ್ಕೂ ಒಂದು ಕೇಬಲ್ ಎಳೆಯಲು ಅವನಿಗೆ ಆಗಲೇ ಹೇಳಿದ್ದೇನೆ.