ಬೆಲ್ಬಿನ್ ಟೀಮ್ ರೋಲ್ ರಿಪೋರ್ಟ್: ಪ್ರಾಜೆಕ್ಟ್ ಬ್ಯಾಚ್‌ಗಳಿಗೆ ತಗೊಳ್ಳಬಹುದಾ?

ತಂಡದಲ್ಲಿ ಯಾರಿಗೆ ಯಾವ ರೋಲ್, ಅಂದರೆ ಯಾವ ಪಾತ್ರ, ಹೊಂದುತ್ತದೆ ಅಂತ ಪ್ರಶ್ನಾವಳಿ ತುಂಬಿಸಿ ಹೇಳುವ ರಿಪೋರ್ಟ್ ಇದು. ತಗೊಳ್ಳಬಹುದು. ಆದರೆ ಜೊತೆಯವರ ಅಭಿಪ್ರಾಯವನ್ನೂ ಸೇರಿಸಿ ಬರುವ ರಿಪೋರ್ಟ್ ಮಾತ್ರ. ಒಬ್ಬರೇ ಕೂತು ತಮ್ಮ ಬಗ್ಗೆ ತಾವೇ ತುಂಬುವ ರಿಪೋರ್ಟ್‌ಗೆ ಸುಮ್ನೆ ದುಡ್ಡು ಹಾಕಬೇಡಿ.

ನಾನು ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಕೊನೆಯ ವರ್ಷದ ಪ್ರಾಜೆಕ್ಟ್‌ಗಳಿಗೆ ಗೈಡ್ ಕೂಡ. ಪ್ರತಿ ವರ್ಷ ಒಂದೇ ಕಥೆ. ನಾಲ್ಕು ಜನರ ಬ್ಯಾಚ್‌ನಲ್ಲಿ ಒಬ್ಬ ಕೋಡ್ ಬರೆಯುತ್ತಾನೆ, ಒಬ್ಬಳು ರಿಪೋರ್ಟ್ ಟೈಪ್ ಮಾಡುತ್ತಾಳೆ, ಉಳಿದಿಬ್ಬರಿಗೆ ಏನು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ, ಕೊನೆಗೆ ಅವರಿಗೆ ಸೋಮಾರಿಗಳು ಅನ್ನೋ ಹೆಸರು ಬರುತ್ತದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಎಷ್ಟೋ ಸಲ ಆ ಮಕ್ಕಳಿಗೆ ತಕ್ಕ ಕೆಲಸ ಸಿಕ್ಕಿರುವುದಿಲ್ಲ, ಅಷ್ಟೇ.

ಈ ರಿಪೋರ್ಟ್‌ನ ಹಿಂದಿರುವ ಕೆಲಸ ಸಂಶೋಧಕ ಮೆರೆಡಿತ್ ಬೆಲ್ಬಿನ್ ಅವರದು. ಇಂಗ್ಲೆಂಡಿನ ಹೆನ್ಲಿಯ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಬಿಸಿನೆಸ್ ಆಟ ಆಡುತ್ತಿದ್ದ ತಂಡಗಳನ್ನು ವರ್ಷಗಟ್ಟಲೆ ಗಮನಿಸಿ, ಕಂಡಿದ್ದನ್ನು 1981ರಲ್ಲಿ ಪುಸ್ತಕ ಮಾಡಿದರು. ತುಂಬಾ ಬುದ್ಧಿವಂತರನ್ನೇ ಆರಿಸಿ ಒಂದು ತಂಡ ಮಾಡಿದರೆ ಅದೇ ಗೆಲ್ಲಬೇಕು ಅಲ್ವಾ? ಗೆಲ್ಲಲಿಲ್ಲ. 'ಅಪೋಲೊ' ಅಂತ ಅವರು ಕರೆದ ಆ ತಂಡಗಳಲ್ಲಿ ಹೆಚ್ಚಿನವು ಹಿಂದೆ ಬಿದ್ದವು, ಏಕೆಂದರೆ ಒಬ್ಬರ ವಾದದಲ್ಲಿ ಇನ್ನೊಬ್ಬರು ತಪ್ಪು ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು. ಟಾಪರ್‌ಗಳೇ ಸೇರಿಕೊಂಡ ಬ್ಯಾಚ್ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮೊದಲು ಅವರು ಗುರುತಿಸಿದ್ದು 8 ರೋಲ್, ಆಮೇಲೆ ಸ್ಪೆಷಲಿಸ್ಟ್ (ಒಂದೇ ವಿಷಯದಲ್ಲಿ ಪಳಗಿದವರು) ಅನ್ನೋ ರೋಲ್ ಸೇರಿ 9 ಆದವು.

ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಅಂತ ಉತ್ತರ ಇರುವುದಿಲ್ಲ. ಒಂದೊಂದು ಭಾಗದಲ್ಲೂ ಕೆಲವು ವಾಕ್ಯ ಕೊಟ್ಟಿರುತ್ತಾರೆ, 10 ಅಂಕಗಳನ್ನು ನಿಮಗೆ ಹೊಂದುವ ವಾಕ್ಯಗಳಿಗೆ ಹಂಚಬೇಕು. ಜೊತೆಗೆ ಕೆಲಸ ಮಾಡಿದವರು ಒಂದು ಪಟ್ಟಿಯಲ್ಲಿ ನಿಮಗೆ ಒಪ್ಪುವ ಗುಣಗಳಿಗೆ ಗುರುತು ಹಾಕುತ್ತಾರೆ. ಎರಡೂ ಸೇರಿ ನಿಮಗೆ ಸಹಜವಾಗಿ ಬರುವ ರೋಲ್ ಯಾವುದು, ಬೇಕಾದರೆ ನಿಭಾಯಿಸಬಲ್ಲದ್ದು ಯಾವುದು, ಬಿಟ್ಟುಬಿಡುವುದೇ ಒಳ್ಳೆಯದು ಅನ್ನಿಸುವುದು ಯಾವುದು ಅಂತ ಬರುತ್ತದೆ. ನಮ್ಮ ಮಕ್ಕಳ ಜೊತೆ ನಾನೂ ಕೂತು ಇಂಗ್ಲಿಷ್ ವಾಕ್ಯಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ.

ಒಂದು ಬ್ಯಾಚ್ ಮೆಕ್ಕೆಜೋಳದ ತೇವಾಂಶ ಅಳೆಯುವ ಸಣ್ಣ ಯಂತ್ರ ಮಾಡುತ್ತಿತ್ತು. ಎಪಿಎಂಸಿಗೆ ಹಸಿ ಜೋಳ ಬಂದರೆ ರೇಟು ಬೀಳುತ್ತದೆ, ಹಾಗಾಗಿ ನಮ್ಮ ಕಡೆ ಇದು ಬೇಕಾದ ವಸ್ತು. ಆ ಬ್ಯಾಚ್‌ನಲ್ಲಿ ಒಬ್ಬ ಹುಡುಗಿ ಮೀಟಿಂಗ್‌ನಲ್ಲಿ ಬಾಯೇ ಬಿಡುತ್ತಿರಲಿಲ್ಲ. ಅವಳೇ ತುಂಬಿದ್ದರಲ್ಲಿ ಟೀಮ್‌ವರ್ಕರ್ ಮೇಲೆ ಬಂತು, ಅಂದರೆ ಎಲ್ಲರ ಜೊತೆ ಹೊಂದಿಕೊಂಡು ಹೋಗುವವಳು. ಗೆಳೆಯರ ಅಭಿಪ್ರಾಯ ಸೇರಿದಾಗ ಮಾನಿಟರ್ ಇವ್ಯಾಲ್ಯುಯೇಟರ್ ಬಂತು: ಆತುರಪಡದೆ ಎಲ್ಲವನ್ನೂ ತೂಗಿ ನೋಡುವವಳು. ಸರಿ, ಟೆಸ್ಟಿಂಗ್ ಅವಳಿಗೇ ವಹಿಸಿದೆವು. ರೀಡಿಂಗ್ ಶೀಟ್ ತಿರುವಿ ಹಾಕಿ ಅವಳು ಕೇಳಿದ್ದು ಇಷ್ಟೇ: "ಮೇಡಂ, ಎಲ್ಲಾ ಒಣ ಕಾಳಿನ ರೀಡಿಂಗೇ ಇದೆಯಲ್ಲ, 14 ಪರ್ಸೆಂಟ್ ಮೇಲಿನದ್ದು ಒಂದೂ ಇಲ್ವಲ್ಲ?" ಸರ್ಕಾರದ ಖರೀದಿಗೆ ತೇವಾಂಶದ ಮಿತಿಯೇ ಆ 14. ಯಂತ್ರ ಉಪಯೋಗಕ್ಕೆ ಬರಬೇಕಾದ ಜಾಗದಲ್ಲೇ ನಾವು ಪರೀಕ್ಷೆ ಮಾಡಿರಲಿಲ್ಲ. ಅವಳು ಸುಮ್ಮನಿದ್ದದ್ದು ಯೋಚಿಸುತ್ತಾ ಇದ್ದದ್ದರಿಂದ!

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು. ಪ್ರತಿ ರೋಲ್‌ನ ಶಕ್ತಿಯ ಪಕ್ಕದಲ್ಲೇ ಅದರ ಕೊರತೆಯನ್ನೂ ಬರೆದಿರುತ್ತಾರೆ, ಅದು ಆ ಶಕ್ತಿಯ ಜೊತೆಗೇ ಬರುತ್ತದೆ ಅಂತ. ಕೆಲಸಕ್ಕೆ ವೇಗ ಕೊಡುವ ಶೇಪರ್ ಸ್ವಲ್ಪ ಜೋರು ಮಾಡುತ್ತಾನೆ, ಪ್ರತಿ ಅಕ್ಷರ ತಿದ್ದುವ ಕಂಪ್ಲೀಟರ್ ಫಿನಿಶರ್ ಸಿಕ್ಕಾಪಟ್ಟೆ ಚಿಂತೆ ಮಾಡುತ್ತಾಳೆ. ಇದನ್ನು ಓದಿದ ಮೇಲೆ ಮಕ್ಕಳ ಜಗಳ ನಿಲ್ಲಲಿಲ್ಲ, ಆದರೆ ಒಬ್ಬರ ಮೇಲೊಬ್ಬರಿಗೆ ಇದ್ದ ಸಿಟ್ಟು ಕಡಿಮೆಯಾಯಿತು.

ಎಚ್ಚರಿಕೆಯೂ ಬೇಕು. 1993ರಲ್ಲಿ ಮನಶ್ಶಾಸ್ತ್ರಜ್ಞ ಏಡ್ರಿಯನ್ ಫರ್ನ್‌ಹ್ಯಾಮ್ ಮತ್ತು ಜೊತೆಯವರು ತಮ್ಮ ಬಗ್ಗೆ ತಾವೇ ತುಂಬುವ ಬೆಲ್ಬಿನ್ ಪ್ರಶ್ನಾವಳಿಯನ್ನು ಎಷ್ಟು ನಂಬಬಹುದು ಅಂತ ಪ್ರಶ್ನೆ ಎತ್ತಿದ್ದರು, ಬೆಲ್ಬಿನ್ ಉತ್ತರವನ್ನೂ ಕೊಟ್ಟರು. ನಾನು ಕಂಡಂತೆ ದೊಡ್ಡ ಅಪಾಯ ಹಣೆಪಟ್ಟಿಯದು. "ನಾನು ಪ್ಲಾಂಟ್ ಮೇಡಂ, ಐಡಿಯಾ ಕೊಡ್ತೀನಿ, ಡಾಕ್ಯುಮೆಂಟೇಶನ್ ನನ್ನದಲ್ಲ" ಅಂದ ಒಬ್ಬ; ಪ್ಲಾಂಟ್ ಅಂದರೆ ಹೊಸ ಐಡಿಯಾ ಹುಟ್ಟಿಸುವ ರೋಲ್. ನಾಲ್ಕು ಜನರಲ್ಲಿ ಒಬ್ಬೊಬ್ಬರೂ ಎರಡು ಮೂರು ರೋಲ್ ಹೊರಲೇಬೇಕು, ನಿಭಾಯಿಸಬಲ್ಲ ರೋಲ್‌ಗಳ ಪಟ್ಟಿ ಇರುವುದೇ ಅದಕ್ಕೆ ಅಂತ ಕೂರಿಸಿ ಹೇಳಬೇಕಾಯಿತು.

ತಲೆಗೆ ಒಂದರಂತೆ ರಿಪೋರ್ಟ್ ಕೊಳ್ಳುವುದು ವಿದ್ಯಾರ್ಥಿಗಳ ಜೇಬಿಗೆ ಭಾರ, ಡಿಪಾರ್ಟ್‌ಮೆಂಟ್ ಕೊಡಿಸಿದರೆ ಒಳ್ಳೆಯದು. ಟಾಪಿಕ್ ಓಕೆ ಆದ ಮೇಲೆ, ಕೆಲಸ ಹಂಚುವ ಮುಂಚೆ ಮಾಡಿಸಿ. ಅಭಿಪ್ರಾಯ ಕೊಡುವವರು ಹಾಸ್ಟೆಲ್ ರೂಮಿನವರಾಗದೆ ಲ್ಯಾಬ್‌ನಲ್ಲಿ ಜೊತೆಗೆ ಕೆಲಸ ಮಾಡಿದವರಾಗಿರಲಿ, ಕಡಿಮೆ ಅಂದರೂ ನಾಲ್ಕು ಜನ. ಇಂಟರ್ನಲ್ ಮಾರ್ಕ್ಸ್‌ಗೆ ಮಾತ್ರ ಇದನ್ನು ತಳುಕು ಹಾಕಬೇಡಿ, ಆ ಅನುಮಾನ ಬಂದರೆ ಮಕ್ಕಳು ನಿಜ ಬರೆಯುವುದಿಲ್ಲ.