ವಿದೇಶಿಯರ ಜೊತೆ ಮದುವೆ: "ಮೆಡಿಕಲ್ ಕಡ್ಡಾಯ, ಕೂಡಲೇ ಸರ್ಟಿಫಿಕೇಟ್" ಅನ್ನುವ ಏಜೆಂಟ್‌ಗಳಿಗೆ ದುಡ್ಡು ಕೊಡಬೇಡಿ

ಬೇರೆ ದೇಶದವರನ್ನು ಭಾರತದಲ್ಲಿ ಮದುವೆಯಾಗುವವರು ದಯವಿಟ್ಟು ಪೂರ್ತಿ ಓದಿ. ಏಜೆಂಟ್ ನಮಗೆ ಮಾರಿದ್ದು ಎರಡು ಕಾಗದ. ಒಂದು, ಆಸ್ಪತ್ರೆಯ "ವಿವಾಹಪೂರ್ವ ಮೆಡಿಕಲ್ ಸರ್ಟಿಫಿಕೇಟ್". ಇನ್ನೊಂದು, ಛಾಪಾ ಕಾಗದದ ಮೇಲೆ ನೋಟರಿ ಸೀಲು ಒತ್ತಿದ "ಮದುವೆ ಪ್ರಮಾಣಪತ್ರ". ಎರಡೂ ಯಾವ ಕೆಲಸಕ್ಕೂ ಬರುವುದಿಲ್ಲ.

ನೋಂದಣಿ ಕಚೇರಿಯ ಗುಮಾಸ್ತರು ಆ ಕಾಗದ ತಿರುಗಿಸಿ ನೋಡಿ, "ಇದು ಬರೀ ಅಫಿಡವಿಟ್, ನೋಟಿಸ್ ಎಲ್ಲಿ ಕೊಟ್ಟಿದ್ದೀರಿ?" ಅಂದರು. ನೋಟಿಸ್ ಅಂದರೆ ಮದುವೆಯಾಗುತ್ತೇವೆ ಅಂತ ಕಚೇರಿಗೆ ಮೊದಲೇ ಬರೆದುಕೊಡುವ ಸೂಚನೆ. ಹಿಂದೆ ಸಾಲಿನಲ್ಲಿ ಅಷ್ಟೊಂದು ಜನ. ಏಜೆಂಟ್‌ಗೆ ಫೋನ್ ಮಾಡಿದರೆ, "ಸಾರ್, ಇದು ಎಂಬೆಸಿಯಲ್ಲಿ ನಡೆಯುತ್ತೆ, ಆಫೀಸಿನವರಿಗೆ ಗೊತ್ತಿಲ್ಲ." ಎಂಬೆಸಿಯಲ್ಲೂ ನಡೆಯಲ್ಲ ಅಂದರೆ, "ಒಳಗಡೆ ಮಾತಾಡಿದರೆ ಮೂವತ್ತು ದಿನ ಕಾಯೋದೇ ಬೇಡ." ದುಡ್ಡು ವಾಪಸ್ ಕೇಳಿದ ಮೇಲೆ, "ಅದು ಸರ್ವಿಸ್ ಚಾರ್ಜ್, ರಿಫಂಡ್ ಇಲ್ಲ." ಸರ್ವಿಸ್ ಅಂತೆ! ಯಾವ ಸರ್ವಿಸ್?

ನೋಟರಿಗೆ ಮದುವೆ ಮಾಡಿಸುವ ಅಧಿಕಾರವೇ ಇಲ್ಲ. ಹಿಂದೂ ವಿವಾಹ ಕಾಯ್ದೆ ನಡೆಯುವುದು ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ. ಧರ್ಮ ಬೇರೆಯಾದರೆ ಸಾಮಾನ್ಯವಾಗಿ ಉಳಿಯುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಮುಂಚೆ ಕನಿಷ್ಠ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ನೋಟಿಸ್ ಪ್ರಕಟವಾಗಿ 30 ದಿನ ಆಕ್ಷೇಪಣೆಗೆ ಕಾಯಬೇಕು. ಆಮೇಲೆ ಮೂವರು ಸಾಕ್ಷಿಗಳ ಎದುರು ಸಹಿ. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ನೋಟಿಸ್ ಬಿದ್ದುಹೋಗುತ್ತದೆ, ಮತ್ತೆ ಮೊದಲಿಂದ. ಆ 30 ದಿನವನ್ನು ದುಡ್ಡು ಕೊಟ್ಟು ತಪ್ಪಿಸಲು ಆಗುವುದಿಲ್ಲ. ಹಳೇ ತಾರೀಖು ಹಾಕಿಸಿಕೊಡುತ್ತೇನೆ ಅಂದರೆ ಅದು ಸುಳ್ಳು ದಾಖಲೆ, ಮುಂದೆ ವೀಸಾ ಸಂದರ್ಶನದಲ್ಲಿ ಸಿಕ್ಕಿಬೀಳುವುದು ನೀವು, ಏಜೆಂಟ್ ಅಲ್ಲ. ದೇವಸ್ಥಾನದಲ್ಲಿ ತಾಳಿ ಕಟ್ಟಿ ಆಮೇಲೆ ಇದೇ ಕಾಯ್ದೆಯಡಿ ನೋಂದಾಯಿಸಲು ಹೋದರೂ 30 ದಿನದ ನೋಟಿಸ್ ಇದ್ದೇ ಇದೆ.

ಇನ್ನು ಆ ಮೆಡಿಕಲ್. ವಿಶೇಷ ವಿವಾಹ ಕಾಯ್ದೆ ರಕ್ತಪರೀಕ್ಷೆಯನ್ನೂ ಕೇಳುವುದಿಲ್ಲ, ಎಚ್‌ಐವಿ ವರದಿಯನ್ನೂ ಕೇಳುವುದಿಲ್ಲ. ಆರೋಗ್ಯ ತಪಾಸಣೆ ಬರುವುದು ಸಂಗಾತಿಯ ದೇಶಕ್ಕೆ ವಲಸೆ ಹೋಗುವಾಗ. ಅದನ್ನು ಆ ದೇಶ ಗುರುತಿಸಿದ ವೈದ್ಯರೇ ಮಾಡಬೇಕು. ಎಷ್ಟೇ ದೊಡ್ಡ ಆಸ್ಪತ್ರೆಯ ಪ್ಯಾಕೇಜ್ ಆದರೂ ಬೇರೆಯವರ ವರದಿ ತೆಗೆದುಕೊಳ್ಳುವುದಿಲ್ಲ. ಬ್ರಿಟನ್‌ಗೆ ಸಂಗಾತಿ ವೀಸಾದಲ್ಲಿ ಹೋಗುವ ಭಾರತೀಯರಿಗೆ ಕ್ಷಯದ ಪರೀಕ್ಷೆ ಬೇಕು, ಆ ಪ್ರಮಾಣಪತ್ರ ಆರು ತಿಂಗಳು ಮಾತ್ರ ಚಾಲ್ತಿ. ಅವಸರಪಟ್ಟು ಮೊದಲೇ ಮಾಡಿಸಿದರೆ ಎರಡನೇ ಸಲ ದುಡ್ಡು. ಅಮೆರಿಕಕ್ಕಾದರೆ ಎದೆಯ ಎಕ್ಸ್‌ರೇ, ಲಸಿಕೆ ದಾಖಲೆ ಎಲ್ಲ ಕೇಳುತ್ತಾರೆ, ಆದರೆ ಎಚ್‌ಐವಿ ಪರೀಕ್ಷೆಯನ್ನು ಆ ದೇಶ 2010ರಲ್ಲೇ ಕೈಬಿಟ್ಟಿದೆ. ನಮ್ಮ ಬಿಲ್ಲಿನಲ್ಲಿ "ಅಮೆರಿಕಕ್ಕೆ ಕಡ್ಡಾಯ" ಅಂತ ಅದನ್ನೂ ಸೇರಿಸಿದ್ದರು! ಆದರೆ ಆಸ್ಟ್ರೇಲಿಯಾ ಕಾಯಂ ವಲಸೆಗೆ ಈಗಲೂ ಎಚ್‌ಐವಿ ಪರೀಕ್ಷೆ ಕೇಳುತ್ತದೆ.

"ಅಮೆರಿಕ ಸರ್ಕಾರದ ಅವಿವಾಹಿತ ಪ್ರಮಾಣಪತ್ರ ತರಿಸಿಕೊಡುತ್ತೇವೆ" ಅನ್ನುವುದೂ ಸುಳ್ಳು. ಅಮೆರಿಕ ಸರ್ಕಾರ ಅಂಥದ್ದನ್ನು ಕೊಡುವುದೇ ಇಲ್ಲ. ಅಲ್ಲಿನ ಪ್ರಜೆ ತಮ್ಮ ದೂತಾವಾಸದಲ್ಲಿ ಪ್ರಮಾಣ ಮಾಡಿ ಅಫಿಡವಿಟ್ ಮಾಡಿಸಿಕೊಳ್ಳುತ್ತಾರೆ, ಅಷ್ಟೇ. ವಿಚ್ಛೇದನ ಆಗಿದ್ದರೆ ಅಂತಿಮ ಆದೇಶವೇ ಬೇಕು, ಮಧ್ಯಂತರದ್ದು ಸಾಲದು. ವಿದೇಶಿ ದಾಖಲೆಗೆ ಅಪೋಸ್ಟಿಲ್ (ದಾಖಲೆ ಅಸಲಿ ಅಂತ ಸರ್ಕಾರ ಕೊಡುವ ದೃಢೀಕರಣ) ಆಯಾ ದೇಶದಲ್ಲೇ ಆಗಬೇಕು, ಇಲ್ಲಿ ಕೂತ ಏಜೆಂಟ್ ಸೀಲು ಹೊಡೆದರೆ ಅದು ಅಪೋಸ್ಟಿಲ್ ಅಲ್ಲ.

ಎಲ್ಲಕ್ಕಿಂತ ಸಿಟ್ಟು ಬಂದದ್ದು ಈ ಸಲಹೆಗೆ: "ಮೊದಲು ಇಲ್ಲಿ ರಿಜಿಸ್ಟರ್ ಮಾಡಿ, ಆಮೇಲೆ ಕೆ-1 ಹಾಕೋಣ." ಕೆ-1 ಇನ್ನೂ ಮದುವೆಯಾಗದ ಜೋಡಿಗೆ ಇರುವ ವೀಸಾ. ಅಮೆರಿಕಕ್ಕೆ ಹೋಗಿ 90 ದಿನದೊಳಗೆ ಮದುವೆಯಾಗಬೇಕು. ಇಲ್ಲಿ ನೋಂದಣಿಯಾದ ಕ್ಷಣವೇ ಆ ದಾರಿ ಮುಚ್ಚಿತು, ಸಂಗಾತಿ ವೀಸಾಕ್ಕೇ ಅರ್ಜಿ ಹಾಕಬೇಕು. ವಿದೇಶಿ ಸಂಗಾತಿ ಭಾರತದಲ್ಲೇ ಉಳಿಯುವುದಾದರೆ "ಮದುವೆಯಾದ ತಕ್ಷಣ ಒಸಿಐ" (ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್) ಅನ್ನುವವರನ್ನೂ ನಂಬಬೇಡಿ. ನೋಂದಣಿಯಾಗಿ ಎರಡು ವರ್ಷ ತುಂಬಬೇಕು. ಅಲ್ಲಿಯವರೆಗೆ ಇ-ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿಯ ಆನ್‌ಲೈನ್ ಸೇವೆ) ಮೂಲಕ ಎಕ್ಸ್-2 ವೀಸಾಕ್ಕೆ (ಭಾರತೀಯರ ಸಂಗಾತಿಗೆ ಕೊಡುವ ಪ್ರವೇಶ ವೀಸಾ) ನೀವೇ ಅರ್ಜಿ ಹಾಕಬಹುದು.

ಪಾಸ್‌ಪೋರ್ಟಿನ ಮೂಲಪ್ರತಿಯನ್ನು ಯಾವ ಏಜೆಂಟ್ ಕೈಗೂ ಕೊಡಬೇಡಿ. ರಸೀದಿ ಕೊಡದವನಿಗೆ ಮುಂಗಡವನ್ನೂ ಕೊಡಬೇಡಿ.